ನಾಳೆ ಬಾ ಎಂದಿದ್ದಕ್ಕೆ ಬಂದವರು

ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡುತ್ತಾ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದಾಗ, ಮಗಳ ಹೊಸ ಹಲ್ಲುಗಳನ್ನು ಎಣಿಸುತ್ತಿದ್ದಾರೆಂದು ಅರುಂಧತಿ ಹಿಗ್ಗಿದ್ದಳು. ಅವರು ಎಣಿಸಿದ್ದು ಹುಳುಕನ್ನು. ಆರು ವರ್ಷದ ಪ್ರಣತಿಯ ಎರಡು ದವಡೆ ಹಲ್ಲುಗಳಿಗೆ ಅವತ್ತೇ ಬೆಳ್ಳಿ ಬಣ್ಣದ ಟೋಪಿ ಬಿತ್ತು.

"ಇನ್ಮೇಲೆ ನಮ್ಮನೆ ಒಳಗೆ ಒಂದೇ ಒಂದು ಕ್ಯಾಂಡಿ ಬರಕೂಡದು" ಎಂದು ಅರುಂಧತಿ ಕಾರಿನಲ್ಲೇ ತೀರ್ಪು ಕೊಟ್ಟಳು. ತೀರ್ಪು ಕೊಡುವುದರಲ್ಲಿ ಅವಳದು ಯಾವಾಗಲೂ ಅವಸರ. ಮಕ್ಕಳು ವೇಷ ಹಾಕಿ ಮನೆಮನೆಗೆ ಕ್ಯಾಂಡಿ ಕೇಳಿಕೊಂಡು ಹೋಗುವ ಹಾಲೋವೀನಿಗೆ ಹತ್ತೇ ದಿನ ಉಳಿದಿದೆ ಎನ್ನುವುದು ಮನೆ ಸೇರಿದ ಮೇಲೆ ನೆನಪಾಯಿತು.

ಮಗಳು ರಂಪ ಮಾಡುತ್ತಾಳೆಂದು ಅವಳು ಟೊಂಕ ಕಟ್ಟಿ ನಿಂತಿದ್ದಳು. ಪ್ರಣತಿ ರಂಪ ಮಾಡಲಿಲ್ಲ. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ. ಹಾಗೆಯೇ ಹೇಳಿದಳು: "ನನಗೆ ಕ್ಯಾಂಡಿ ಬೇಡ. ಮಕ್ಕಳು ಬಂದು ನಮ್ಮ ಬಾಗಿಲು ತಟ್ಟಬೇಕು. ನಾನು ತೆಗೆಯಬೇಕು. ಅಷ್ಟೇ."

 ಅವರು ಬರ್ಬ್ಯಾಂಕ್ ಎಂಬ ಊರು ಬಿಟ್ಟು ಸ್ಯಾನ್ ಡಿಯೇಗೋಗೆ ಬಂದು ಮೂರು ತಿಂಗಳಾಗಿತ್ತು. ಗಂಡ ವೆಂಕಟಾಚಲನಿಗೆ ಟೆಲಿಕಾಂ ಕಂಪನಿಯಲ್ಲಿ ಹೊಸ ಕೆಲಸ, ಮಗಳಿಗೆ ಹೊಸ ಸ್ಕೂಲು. ಈ ಮೂರು ತಿಂಗಳಲ್ಲಿ ಅವರ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದವರು ಇಬ್ಬರು. ಒಬ್ಬ ಜಿರಲೆಗೆ ಔಷಧಿ ಹೊಡೆಯುವವನು, ಇನ್ನೊಬ್ಬ ಮನೆ ತಪ್ಪಿ ಬಂದ ಪಿಟ್ಜಾದವನು. ಬರ್ಬ್ಯಾಂಕಿನಲ್ಲಿ ಮಗುವಿಗೆ ಗೆಳತಿಯರಿದ್ದರು. ಇಲ್ಲಿ ಅವಳು ಸಂಜೆ ಹೊತ್ತು ಕಿಟಕಿಯ ಹತ್ತಿರ ಕೂತು, ಪಾರ್ಕಿಂಗ್ ಲಾಟಿನಲ್ಲಿ ಸೈಕಲ್ ಹೊಡೆಯುವ ಮಕ್ಕಳನ್ನು ನೋಡುತ್ತಿದ್ದಳು. ಹೋಗಿ ಆಡು ಎಂದರೆ, ಅವರು ಕರೆದಿಲ್ಲವಲ್ಲ ಎನ್ನುತ್ತಿದ್ದಳು.

ಯಾರೂ ಕರೆಯದೆಯೇ ಮಕ್ಕಳು ಮನೆಮನೆಗೆ ಬರುವ ದಿನ ವರ್ಷಕ್ಕೆ ಒಂದೇ. ಅದನ್ನು ತಪ್ಪಿಸಲು ಅರುಂಧತಿಗೆ ಮನಸ್ಸಾಗಲಿಲ್ಲ. ಕ್ಯಾಂಡಿಯ ಬದಲು ಕುಂಬಳಕಾಯಿ ಚಿತ್ರದ ನಲವತ್ತು ಪೆನ್ಸಿಲ್ ತಂದಳು. ವೆಂಕಟಾಚಲ ಮಾನಿಟರ್ ಬಂದಿದ್ದ ರಟ್ಟಿನ ಡಬ್ಬಿಗೆ ಬಣ್ಣ ಬಳಿದು, ಮಗಳು ಕೇಳಿದಂತೆ ಟ್ರಾಫಿಕ್ ಸಿಗ್ನಲ್ ವೇಷ ಮಾಡಿಕೊಟ್ಟ. ಹಬ್ಬದ ಸಂಜೆ ಐದೂವರೆಗೆ ಅಪ್ಪ ಮಗಳು ಪಕ್ಕದ ಬ್ಲಾಕಿಗೆ ಒಂದು ಸುತ್ತು ಹೋಗಿ ಬರುವುದು. ಆರು ಗಂಟೆಯಿಂದ ಪ್ರಣತಿ ಬಾಗಿಲಲ್ಲಿ ಕೂತು ಪೆನ್ಸಿಲ್ ಹಂಚುವುದು ಎಂದು ಮಾತಾಯಿತು.

"ಆರಕ್ಕೆ ಸರಿಯಾಗಿ ಕರ್ಕೊಂಡು ಬನ್ನಿ" ಎಂದು ಅರುಂಧತಿ ಮೂರು ಸಲ ಹೇಳಿ ಕಳಿಸಿದಳು.

ಆರು ಗಂಟೆಗೆ ಅಪ್ಪ ಮಗಳ ಸುಳಿವಿಲ್ಲ. ಆದರೆ ಮಕ್ಕಳು ಬಂದರು. ಬಂದರು ಎಂದರೆ ಸಾಲದು, ಜಾತ್ರೆಯೇ ನೆರೆಯಿತು. ಇಷ್ಟು ದಿನ ಎಲ್ಲಿ ಅಡಗಿದ್ದವೋ, ಜೇನುಹುಳು, ಮಾಟಗಾತಿ, ಅಸ್ಥಿಪಂಜರ, ಒಂದು ನಡೆದಾಡುವ ಬಾಳೆಹಣ್ಣು. ಆರೂಕಾಲಿಗೆ ಪೆನ್ಸಿಲ್ ಡಬ್ಬಿ ಖಾಲಿ. ಮೆಟ್ಟಿಲ ಕೆಳಗೆ ಇನ್ನೂ ಕಲರವ ಕೇಳುತ್ತಿತ್ತು.

ಬಾಗಿಲಿಗೆ ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸಿದರೆ ಒಳ್ಳೆಯದಲ್ಲ. ಅಡಿಗೆಮನೆಯಲ್ಲಿ ಇದ್ದದ್ದು ರವೆ, ಹುಣಸೆಹಣ್ಣು, ಒಣಮೆಣಸಿನಕಾಯಿ. ಗಾಬರಿಯಲ್ಲಿ ಅವಳಿಗೆ ರಾಜಾಜಿನಗರದ ತನ್ನ ಬಾಲ್ಯ ನೆನಪಿಗೆ ಬಂತು. ಆಗ ಬೆಂಗಳೂರಿನಲ್ಲಿ ಒಂದು ಸುದ್ದಿ ಹಬ್ಬಿತ್ತು. ದೆವ್ವವೊಂದು ಬೀದಿ ಸುತ್ತುತ್ತದೆ, ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ, ತೆಗೆದರೆ ಮುಗಿಯಿತು. ಅದಕ್ಕೆ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಅಕ್ಷರಸ್ಥ ದೆವ್ವ, ಪಾಪ.

ಅರುಂಧತಿ ಒಂದು ಹಾಳೆಯಲ್ಲಿ ದಪ್ಪಗೆ 'ನಾಳೆ ಬಾ' ಎಂದು ಬರೆದಳು. ಇಲ್ಲಿಯ ದೆವ್ವಗಳಿಗೆ ಕನ್ನಡ ಬಾರದೆಂದು ಕೆಳಗೆ ಇಂಗ್ಲಿಷಿನಲ್ಲೂ ಬರೆದಳು. ಬಾಗಿಲಿಗೆ ಅಂಟಿಸಿ, ದೀಪ ಆರಿಸಿ, ತನ್ನ ಜಾಣತನಕ್ಕೆ ತಾನೇ ನಗುತ್ತಾ ಕೂತಳು. ಮೆಟ್ಟಿಲ ಮೇಲೆ ಹೆಜ್ಜೆಗಳು ಬಂದವು, ನಿಂತವು, ಹೋದವು.

ಏಳಕ್ಕೆ ಹತ್ತು ನಿಮಿಷವಿರುವಾಗ ಅಪ್ಪ ಮಗಳು ಬಂದರು. ಪಕ್ಕದ ಬ್ಲಾಕಿನಲ್ಲಿ ವೆಂಕಟಾಚಲನಿಗೆ ಧಾರವಾಡದ ಶಿವರುದ್ರಪ್ಪ ಎಂಬವರು ಸಿಕ್ಕಿದ್ದರಂತೆ. ಗ್ರೀನ್ ಕಾರ್ಡಿನ ಮಾತು ಶುರುವಾಗಿ ಪೇಡೆಯವರೆಗೆ ಹೋಗಿತ್ತು. ಪರದೇಶದಲ್ಲಿ ಕನ್ನಡದವರು ಕಂಡರೆ ವೆಂಕಟಾಚಲನಿಗೆ ಗಡಿಯಾರ ಕಾಣುವುದಿಲ್ಲ. ಪ್ರಣತಿ ಪ್ರತಿ ಮನೆಯಲ್ಲೂ "ಕ್ಯಾಂಡಿ ಬೇಡ, ವೇಷ ತೋರಿಸಲು ಬಂದೆ" ಎಂದಿದ್ದಳಂತೆ. ಜನ ಕಕ್ಕಾಬಿಕ್ಕಿಯಾಗಿ ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದರು. ಅವಳ ಚೀಲದಲ್ಲಿ ಎರಡು ಕಿತ್ತಳೆ, ಒಂದು ಕೀ ಚೈನು, ಒಂದು ಟಾರ್ಚಿನ ಬ್ಯಾಟರಿ ಇದ್ದವು.

ಅವಳು ಬಾಗಿಲ ಮುಂದೆ ನಿಂತು ಇಂಗ್ಲಿಷ್ ಸಾಲನ್ನು ಅಕ್ಷರ ಕೂಡಿಸಿ ಓದಿದಳು.

"ಅವರು ಬಂದಿದ್ದರಾ?"

"ಬಂದಿದ್ರು ಪುಟ್ಟ, ತುಂಬಾ ಜನ. ಪೆನ್ಸಿಲ್ ಮುಗಿದೋಯ್ತು."

"ಮತ್ತೆ ನೀನು ಅವರಿಗೆ ಹೋಗಿ ಅಂದೆಯಾ?"

ಅರುಂಧತಿ ದಡಬಡಿಸಿ ಹಾಳೆ ಕಿತ್ತಳು, ದೀಪ ಹಾಕಿದಳು. ಎಂಟೂವರೆಯವರೆಗೆ ಟ್ರಾಫಿಕ್ ಸಿಗ್ನಲ್ ಬಾಗಿಲ ಹತ್ತಿರ ಕೂತಿತ್ತು. ಒಬ್ಬರೂ ಬರಲಿಲ್ಲ. ಕೊನೆಗೆ ಪ್ರಣತಿ ಡಬ್ಬಿಯೊಳಗೆ ತಲೆ ಎಳೆದುಕೊಂಡು ಸದ್ದಿಲ್ಲದೆ ಅತ್ತಳು. ಅರುಂಧತಿಗೆ ತನ್ನ ಮೇಲೇ ಸಿಟ್ಟು ಬಂತು. ಅದರಲ್ಲಿ ಸ್ವಲ್ಪವನ್ನು ಗಂಡನಿಗೂ ಹಂಚಿದಳು.

ಮರುದಿನ ಸಂಜೆ ನಾಲ್ಕು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು.

ಪ್ರಣತಿ ಹೋಗಿ ತೆಗೆದಳು. ಹೊರಗೆ ಜೇನುಹುಳು, ಬಾಳೆಹಣ್ಣು, ಅವುಗಳ ಹಿಂದೆ ಬಿಳಿ ಬೆಡ್‌ಶೀಟ್ ಹೊದ್ದ ಒಂದು ದೆವ್ವ, ಅದರ ಕೈ ಹಿಡಿದ ಇನ್ನೊಂದು ಮರಿ ದೆವ್ವ. "ನಾಳೆ ಬಾ ಅಂತ ಬರೆದಿತ್ತು" ಎಂದಿತು ದೊಡ್ಡ ದೆವ್ವ, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ. ಅಷ್ಟರಲ್ಲಿ ಕೆಳಗಿನಿಂದ ಇನ್ನಷ್ಟು ಬಂದವು. ಎಲ್ಲಾ ಸೇರಿ ಹನ್ನೊಂದು.

ಬೆಂಗಳೂರಿನ ದೆವ್ವಗಳನ್ನು ವರ್ಷಗಟ್ಟಲೆ ಸಾಗಹಾಕಿದ ಉಪಾಯ ಇಲ್ಲಿ ಒಂದೇ ದಿನಕ್ಕೆ ತಿರುಗುಬಾಣವಾಯಿತು. ಅರುಂಧತಿ ಮಳೆಯಲ್ಲಿ ನೆನೆದ ಕೋಳಿಯ ಹಾಗೆ ನಿಂತಳು. ಕೊಡಲು ಇವತ್ತೂ ಏನೂ ಇಲ್ಲ. ಮಕ್ಕಳು ಒಟ್ಟಾಗಿ "ಟ್ರಿಕ್ ಆರ್ ಟ್ರೀಟ್", ಅಂದರೆ ಕೀಟಲೆಯೋ ತಿನಿಸೋ, ಎಂದವು.

"ಟ್ರೀಟ್ ಇಲ್ವಲ್ಲೋ" ಎಂದು ಅವಳ ಬಾಯಿಂದ ಕನ್ನಡವೇ ಬಂತು.

ಪ್ರಣತಿ ಅದನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಹಾಗಾದರೆ ನೀನು ಟ್ರಿಕ್ ಮಾಡಬೇಕು" ಎಂದಳು.

ಜೇನುಹುಳು, "ನಿನ್ನೆ ಎರಡು ಚೀಲ ಕ್ಯಾಂಡಿ ಆಯಿತು, ನನಗೆ ಹೊಟ್ಟೆ ನೋವು. ಟ್ರಿಕ್ಕೇ ಇರಲಿ" ಎಂದಿತು.

ಬೇರೆ ದಾರಿಯಿಲ್ಲದೆ ಅರುಂಧತಿ ಎಲ್ಲರನ್ನೂ ಜಮಖಾನೆಯ ಮೇಲೆ ಕೂರಿಸಿ ದನಿ ಬದಲಿಸುವ ದೆವ್ವದ ಕಥೆ ಶುರು ಮಾಡಿದಳು. ಅವಳ ಇಂಗ್ಲಿಷು ಬ್ಯಾಂಕಿಗೂ ಅಂಗಡಿಗೂ ಸಾಲುವಂಥದು, ದೆವ್ವಕ್ಕೆ ಸಾಲದು. ಅವಳು ಕನ್ನಡದಲ್ಲಿ ಹೇಳಿದಳು, ಪ್ರಣತಿ ಇಂಗ್ಲಿಷಿನಲ್ಲಿ ಹೇಳಿದಳು. ಅಮ್ಮ ದೆವ್ವದ ಕೈಲಿ ಒಂದು ಸಲ ಬಾಗಿಲು ತಟ್ಟಿಸಿದರೆ ಮಗಳು ಮೂರು ಸಲ ತಟ್ಟಿಸಿದಳು. ಇಲ್ಲದ ನಾಯಿಯೊಂದನ್ನು ಸೇರಿಸಿ ಊಳಿಡಿಸಿದಳು. ಬಾಳೆಹಣ್ಣು ಹೆದರಿ ಜೇನುಹುಳುವಿನ ರೆಕ್ಕೆ ಹಿಡಿದುಕೊಂಡಿತು. ಮನೆಯಲ್ಲಿ ತುಟಿ ಬಿಚ್ಚಿದರೆ ಮುತ್ತು ಉದುರುತ್ತದೆ ಎನ್ನುವಂತಿದ್ದ ಮಗಳು ಹೀಗೆ ಕೈ ಆಡಿಸಿ ಮಾತಾಡುವುದನ್ನು ಅರುಂಧತಿ ಕಂಡು ಎಷ್ಟೋ ದಿನಗಳಾಗಿದ್ದವು.

ಕಥೆ ಮುಗಿದದ್ದೇ ತಡ, ಮಕ್ಕಳು ಆಡೋಣ ಎಂದರು. ಆಟವನ್ನು ಪ್ರಣತಿಯೇ ಕಟ್ಟಿದಳು. ಎಲ್ಲರೂ ಹೊರಗೆ ಹೋಗಿ ಒಬ್ಬೊಬ್ಬರಾಗಿ ಬಾಗಿಲು ತಟ್ಟಬೇಕು, ದನಿ ಬದಲಿಸಿ ಕರೆಯಬೇಕು. ಒಳಗಿರುವವಳು ಹೆಸರು ಸರಿಯಾಗಿ ಹೇಳಿದರೆ ಅದು ಮನುಷ್ಯ, ಒಳಗೆ ಬರಬಹುದು. ತಪ್ಪಿದರೆ ದೆವ್ವ, ಮತ್ತೆ ತಟ್ಟಬೇಕು. ಆದರೆ ಹೆಸರು ಗೊತ್ತಿದ್ದರಲ್ಲವೇ? ಆದ್ದರಿಂದ ಮೊದಲು ಹನ್ನೊಂದು ಹೆಸರುಗಳ ಪರಿಚಯವಾಯಿತು. ದೊಡ್ಡ ದೆವ್ವ ಮಾರಿಸೆಲ್, ಕೆಳಗಿನ ಮಹಡಿಯವಳು, ಪ್ರಣತಿಯ ಸ್ಕೂಲಿನವಳೇ. 'ಪ್ರಣತಿ' ಎನ್ನಲು ಅವಳು ನಾಲಿಗೆಯನ್ನು ನಾಲ್ಕು ಸಲ ತಿರುಗಿಸಿ, ಐದನೆಯ ಸಲಕ್ಕೆ ಗೆದ್ದಳು.

ಮೂರು ತಿಂಗಳಲ್ಲಿ ಎರಡು ಸಲ ತಟ್ಟಿಸಿಕೊಂಡಿದ್ದ ಬಾಗಿಲು ಆ ಸಂಜೆ ನೂರು ಸಲ ತಟ್ಟಿಸಿಕೊಂಡಿತು. ಅಜ್ಜಿಯ ದನಿ, ಪೊಲೀಸಿನ ದನಿ, ಟೀಚರ ದನಿ. ಪ್ರಣತಿ ಬೇಕೆಂದೇ ತಪ್ಪು ಹೆಸರು ಹೇಳಿ ಇನ್ನಷ್ಟು ತಟ್ಟಿಸಿದಳು. ಅವಳು ನಕ್ಕಾಗಲೆಲ್ಲ ಬೆಳ್ಳಿ ಹಲ್ಲುಗಳೆರಡೂ ಕಾಣುತ್ತಿದ್ದವು. ಅರುಂಧತಿ ಎಲ್ಲರಿಗೂ ಬಿಸಿ ಉಪ್ಪಿಟ್ಟು ಕೊಟ್ಟಳು. ಅರ್ಧ ಜನ ತಿಂದರು, ಅರ್ಧ ಜನ ಮೂಸಿ ನೋಡಿ ಥ್ಯಾಂಕ್ಯೂ ಎಂದರು.

ಕತ್ತಲಾಗುತ್ತಲೇ ತಾಯಂದಿರು ಕೂಗಿದರು. ಹನ್ನೊಂದು ಮಂದಿಯೂ ಮೆಟ್ಟಿಲಿಳಿದು ಹೋದರು. ಅರುಂಧತಿ ಜಮಖಾನೆ ಕೊಡವಿದಳು. ಪ್ರಣತಿ ಬಾಗಿಲನ್ನೇ ನೋಡುತ್ತಾ ನಿಂತಿದ್ದಳು. ಹಬ್ಬ ಮುಗಿಯಿತು, ನಾಳೆಯಿಂದ ಮತ್ತೆ ಕಿಟಕಿಯೇ ಗತಿಯೋ ಏನೋ ಎಂದು ಅರುಂಧತಿ ಅಂದುಕೊಂಡಳು.

ಆಗ ಯಾರೋ ಬಾಗಿಲು ತಟ್ಟಿದರು, ಮೆಲ್ಲಗೆ.

ಪ್ರಣತಿ ಆಟದ ದನಿಯಲ್ಲೇ, "ದೆವ್ವವೋ ಮನುಷ್ಯರೋ?" ಎಂದು ಕೂಗಿದಳು.

 ಹೊರಗಿನಿಂದ ಒಂದು ಹುಡುಗಿಯ ದನಿ, ಬದಲಿಸದ ದನಿ, ಇಂಗ್ಲಿಷಿನಲ್ಲಿ ಹೇಳಿತು: "ಮಾರಿಸೆಲ್. ಏನೂ ಬೇಕಾಗಿಲ್ಲ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ. ಪ್ರಣತಿ ಇದ್ದಾಳಾ?"

ಪ್ರಣತಿ, ಕೇಳಿದ್ದು ತನ್ನನ್ನಲ್ಲವೇನೋ ಎಂಬಂತೆ, ಅಮ್ಮನ ಮುಖ ನೋಡಿದಳು.

"ನಿನ್ನನ್ನೇ ಕೇಳ್ತಿರೋದು" ಎಂದಳು ಅರುಂಧತಿ. "ಹೋಗಿ ತೆಗಿ."