ರೈಫಲ್ಲಿಗೊಂದು ಮಖಮಲ್ಲಿನ ಗವಸು

ವಸಂತಮ್ಮನ ಮನೆಯಲ್ಲಿ ಗವಸಿಲ್ಲದ್ದೆಂದರೆ ಅವಳ ಗಂಡ ಶ್ಯಾಮಣ್ಣನೊಬ್ಬನೇ. ರೇಡಿಯೋಗೆ ಕಸೂತಿ ಹಾಕಿದ ಗವಸು, ಹೊಲಿಗೆ ಯಂತ್ರಕ್ಕೆ ನೆರಿಗೆಯ ಗವಸು, ಗ್ಯಾಸ್ ಸಿಲಿಂಡರಿಗೊಂದು ಚೀಟಿ ಬಟ್ಟೆಯ ಲಂಗ. ಹಾಗಾಗಿ ತೀರಿಕೊಂಡ ಅಪ್ಪನ ರೈಫಲ್ಲು ನಾಗಸಂದ್ರದ ಮನೆಗೆ ಬಂದ ದಿನ ಅವಳು ಮೊದಲು ಹುಡುಕಿದ್ದು ಅಳತೆಯ ಟೇಪನ್ನು.

"ಅದಕ್ಕೂ ಅಳತೆ ತಗೋತೀಯೇನೇ?" ಎಂದ ಶ್ಯಾಮಣ್ಣ.

"ನಿಮಗೆ ಹೊಲಿಯೋದಕ್ಕಿಂತ ಸುಲಭ. ಇದಕ್ಕೆ ಹೊಟ್ಟೆ ಇಲ್ಲ."

ಅಪ್ಪ ದೊಡ್ಡಮುನಿಯಪ್ಪ ಕಾಡುಗೋಡಿಯ ದ್ರಾಕ್ಷಿ ತೋಟ ಕಾಯಲೆಂದು ಇಟ್ಟುಕೊಂಡಿದ್ದ ಪಾಯಿಂಟ್ ಟೂ ಟೂ ರೈಫಲ್ಲು ಅದು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಬೇಲಿಗೂಟದ ಮೇಲೆ ನಿಂಬೆಹಣ್ಣಿಟ್ಟು, ಊರೆಲ್ಲ ನೋಡುವಂತೆ ಒಂದೇ ಗುಂಡಿಗೆ ಹಾರಿಸುತ್ತಿದ್ದ. ಆಮೇಲೆ ಮಗ ಸೊಣ್ಣಪ್ಪನ ಕೈಗೆ ಕೊಟ್ಟು ಅವನಿಂದಲೂ ಒಂದು ಹೊಡೆಸುತ್ತಿದ್ದ. ಮಗಳ ಕೈಗೆ ಬರುತ್ತಿದ್ದದ್ದು ಒರೆಸುವ ಬಟ್ಟೆ. ಈಗ ಅಪ್ಪನಿಲ್ಲ. ಸೊಣ್ಣಪ್ಪನಿಗೆ ದೀಪಾವಳಿಯ ಪಟಾಕಿ ಶಬ್ದವೇ ಆಗದು. "ಅಂಗಡಿಗೆ ವಾಪಸ್ ಕೊಟ್ಬಿಡಾನ ಕಣಕ್ಕ" ಎಂದಿದ್ದ. ಆಗ, ಯಾರೋ ಹಿಂದಿನಿಂದ ತಳ್ಳಿದ ಹಾಗೆ, "ನಾನಿಟ್ಕೋತೀನಿ" ಎಂದಿದ್ದಳು ವಸಂತಮ್ಮ.

ಲೈಸೆನ್ಸಿನ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ ಕೇಳಿದ್ದರು: "ಹೊಡೆಯೋಕೆ ಬರುತ್ತೇನಮ್ಮ?"

"ಒರೆಸೋಕೆ ಬರುತ್ತೆ ಸಾರ್" ಎಂದಳು. ನಿಜವನ್ನೇ ಹೇಳಿದ್ದಳು. ಅವರು ನಗಲಿಲ್ಲ. ಸಂಕ್ರಾಂತಿಯ ತನಕ ತಾತ್ಕಾಲಿಕವಾಗಿ ಕೊಡುವುದಾಗಿಯೂ, ಅಷ್ಟರಲ್ಲಿ ಯಾವುದಾದರೂ ರೈಫಲ್ ಕ್ಲಬ್ಬಿನಿಂದ 'ಈಕೆಗೆ ಗುರಿಯಿಟ್ಟು ಹೊಡೆಯಲು ಬರುತ್ತದೆ' ಎಂದು ಬರೆಸಿ ತರಬೇಕೆಂದೂ ಹೇಳಿದರು. ತರದಿದ್ದರೆ ಅಪ್ಪನ ರೈಫಲ್ಲು ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಯಾರ ಪಾಲಿಗೋ.

ಅವಳಿಗೆ ಆ ಲೈಸೆನ್ಸು ಎಷ್ಟು ಬೇಕಾಗಿತ್ತೆಂದು ಅವಳಿಗೊಬ್ಬಳಿಗೇ ಗೊತ್ತು. ಮನೆ ಶ್ಯಾಮಣ್ಣನ ಹೆಸರಲ್ಲಿ. ಪೀಣ್ಯದ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಟ್ಟ ಸಾಲುಮನೆಗಳೂ ಅವನ ಹೆಸರಲ್ಲೇ. ರೇಷನ್ ಕಾರ್ಡಿನಲ್ಲಿ ಅವಳು ಎರಡನೆಯ ಸಾಲು. ಈ ಲೈಸೆನ್ಸ್ ಪುಸ್ತಕದಲ್ಲಿ ಮಾತ್ರ ಮೊದಲ ಸಾಲೇ ಅವಳು, ಫೋಟೋ ಸಮೇತ.

ಇಷ್ಟು ಬೇಕಾಗಿದ್ದವಳು ಮಾಡಿದ್ದೇನು? ಕುಪ್ಪಸಕ್ಕೆಂದು ತಂದು ಉಳಿದಿದ್ದ ಮೆರೂನ್ ಮಖಮಲ್ಲಿನಲ್ಲಿ ಗವಸು ಹೊಲಿದಳು. ಬಾಯಿಗೆ ಲೇಸು ಇಟ್ಟಳು. ತುಮಕೂರು ರಸ್ತೆಯ ಚಪ್ಪಲಿಯವನಿಂದ ಹೆಗಲಿಗೆ ಬೆಲ್ಟು ಮಾಡಿಸಿ, ಬಣ್ಣ ಹೊಂದಲಿಲ್ಲವೆಂದು ಇನ್ನೊಂದು ಮಾಡಿಸಿದಳು. ಸಾಲುಮನೆಯ ಫಿಟ್ಟರನಿಂದ ಗೋಡೆಗೆ ಸ್ಟ್ಯಾಂಡು, ಚಿಕ್ಕಪೇಟೆಯಿಂದ ಕಪ್ಪು ಕನ್ನಡಕ, ಮೊಣಕೈಗೆ ಹತ್ತಿಯ ದಿಂಬು, ಎರಡು ಜೇಬಿನ ಖಾಕಿ ಕೋಟು. ಎಲ್ಲ ಬಂದವು. ಪೀಣ್ಯದ ಹಿಂದಿನ ಕಲ್ಲುಕ್ವಾರಿಯಲ್ಲಿ ಕ್ಲಬ್ಬಿನವರು ಪ್ರತಿ ಭಾನುವಾರ ಅಭ್ಯಾಸ ಮಾಡುತ್ತಿದ್ದರು. ಅಲ್ಲಿಗೆ ಹೋಗುವುದೊಂದು ಬಾಕಿ. ಒಂದು ಭಾನುವಾರ ಬೆಲ್ಟು ಬಂದಿರಲಿಲ್ಲ. ಒಂದು ಭಾನುವಾರ ಅಮಾವಾಸ್ಯೆ. ಇನ್ನೊಂದು ಭಾನುವಾರ ಕೋಟಿನ ಗುಂಡಿಗಳು ತೀರಾ ಹೊಳೆಯುತ್ತವೆಂದು ಬದಲಾಯಿಸಬೇಕಾಯಿತು.

ಆಯುಧಪೂಜೆ ಬಂತು. ರೈಫಲ್ಲಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಸುತ್ತಿ ಮಣೆಯ ಮೇಲೆ ಮಲಗಿಸಿದಳು. ಓರಗಿತ್ತಿ ಪಿಳ್ಳಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಯ್ಯೋ ನಮ್ಮವ್ವಾ, ಮದ್ವೆ ಎಣ್ಣು ಕೂತಂಗದೆ! ಗಂಡಿನ ಕಡೆಯೋರು ಯಾವಾಗ ಬತ್ತಾರೆ?"

"ಬರ್ತಾರೆ, ನೀನು ಕೋಸಂಬರಿ ತಿನ್ನು."

"ನಿಮ್ಮಪ್ಪ ನಿಂಬೆಅಣ್ಣು ಆರುಸ್ತಿದ್ರಂತೆ? ನಾನೂ ಒಂದು ಇಡ್ಲಾ? ಬ್ಯಾಡ ಬುಡು, ಕುಂಬಳಕಾಯೇ ಇಡ್ತೀನಿ."

ವಸಂತಮ್ಮ ನಕ್ಕಳು. ಆದರೆ ಮಾರನೆಯ ಭಾನುವಾರ ಗಂಡನ ಎರಡೂ ಕೈಗೆ ಚೀಲ ಕೊಟ್ಟು ಕ್ವಾರಿಗೆ ಹೊರಟೇಬಿಟ್ಟಳು.

ಕ್ಲಬ್ಬಿನ ಕಾರ್ಯದರ್ಶಿ ಹನುಮಂತರಾಯಪ್ಪ ಚೀಲಗಳನ್ನು ನೋಡಿದರು. "ತಿರುಪತಿಗಾ ಅಮ್ಮ?"

ಅವಳು ಗವಸು ಬಿಚ್ಚಿ, ಕೋಟು ತೊಟ್ಟು, ದಿಂಬು ಹಾಸಿ, ಕಪ್ಪು ಕನ್ನಡಕ ಹಾಕಿಕೊಂಡು ಹೊಡೆದಳು. ಗುರಿಯ ಕಾಗದ ಹಾಗೇ ಕನ್ಯೆಯಂತೆ ನಿಂತಿತ್ತು. ಮತ್ತೆ ಹೊಡೆಯೋಣವೆಂದರೆ ಗುಂಡು ತುಂಬುವ ಬೋಲ್ಟೇ ಕದಲದು, ಕೊಬ್ಬರಿ ಎಣ್ಣೆ ಅಂಟಾಗಿ ಕೂತಿತ್ತು. ಹನುಮಂತರಾಯಪ್ಪ ರೈಫಲ್ಲು ತೆಗೆದುಕೊಂಡು ಸೈಟಿನಲ್ಲಿ, ಅಂದರೆ ಕಣ್ಣಿಟ್ಟು ಗುರಿ ನೋಡುವ ಸಣ್ಣ ಸೀಳಿನಲ್ಲಿ, ಇಣುಕಿದರು. ಅದರ ತುಂಬ ಕುಂಕುಮ.

"ಇದು ಕಣ್ಣಿಡೋ ಜಾಗ ಕಣಮ್ಮ, ಬೊಟ್ಟಿಡೋ ಜಾಗ ಅಲ್ಲ."

ಶ್ಯಾಮಣ್ಣ ಬೇರೆ ಕಡೆ ತಿರುಗಿ ಕೆಮ್ಮಿದ. ಒರೆಸಿ ಮತ್ತೆ ಹೊಡೆದದ್ದಾಯಿತು. ಕಾಗದದ ಮೇಲೆ ಗೀರೂ ಇಲ್ಲ.

"ಕಣ್ಣು ಮುಚ್ಕೋತಿದ್ದೀರಿ. ಚೀಲದಲ್ಲಿ ಇನ್ನೇನೇನಿದೆ?"

ಅವಳು ಒಂದೊಂದೇ ತೆಗೆದು ತೋರಿಸಿದಳು. ಗುಂಡಿನ ಡಬ್ಬಿ ಎಂದು ತೆಗೆದದ್ದು ಬೆಂಕಿಪೊಟ್ಟಣದಷ್ಟಿತ್ತು.

"ಈ ಬೆಲ್ಟು, ಕೋಟು, ದಿಂಬಿನ ಬದಲು ಗುಂಡು ತಗೊಂಡು ವಾರವಾರ ಬಂದಿದ್ರೆ ಈಗ ನನಗೇ ಹೇಳಿಕೊಡ್ತಿದ್ರಿ. ಕಿವಿಗೆ ಹತ್ತಿ, ನಳಿಗೆ ಒಳಗೆ ತಿಕ್ಕೋ ಕಡ್ಡಿ, ಬಂದೂಕಿನ ಎಣ್ಣೆ, ಗುಂಡು. ಸಾಕು. ಮನೇಲಿ ದಿನಾ ಖಾಲಿ ಬಂದೂಕು ಹಿಡಿದು ಉಸಿರು ಕಟ್ಟೋದು ಕಲೀರಿ. ಖಾಲಿ ಇದೆಯಾ ಅಂತ ಎರಡು ಸಲ ನೋಡಿ."

ಬಸ್ಸಿನಲ್ಲಿ ವಸಂತಮ್ಮನಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಮಗನಿಗೆ ಗುಂಡು, ಮಗಳಿಗೆ ಬಟ್ಟೆ. ನೋಡಿಕೊಳ್ಳುವುದನ್ನು ಕಲಿಸಿದವನು ಬಳಸುವುದನ್ನು ಕಲಿಸಲಿಲ್ಲ. ಹಾಗೆ ಅಂದುಕೊಂಡು ಕಣ್ಣು ಒದ್ದೆಯಾಗುವಷ್ಟರಲ್ಲಿ ನೆನಪಾಯಿತು: ಅಟ್ಟದ ಮೇಲಿನ ಪ್ರೆಶರ್ ಕುಕ್ಕರನ್ನು ಡಬ್ಬದಲ್ಲೇ ಇಟ್ಟವರು ಯಾರು? ಅದರ ಸೀಟಿಯ ಸದ್ದಿಗೆ ಹೆದರಿ ಮೂರು ವರ್ಷದಿಂದ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಿರುವವಳು ಅವಳೇ. ಅದಕ್ಕೂ ಅಪ್ಪ ಕಾರಣನೇ? ಕಣ್ಣೀರು ಬರಲು ನಾಚಿ ಹಿಂದೆ ಹೋಯಿತು.

ಅಂದಿನಿಂದ ಬೆಳಗ್ಗೆ ತಿಂಡಿಯಾದ ಮೇಲೆ ನಡುಮನೆಯಲ್ಲಿ ಬೋರಲು ಮಲಗಿ, ಎದುರು ಗೋಡೆಯ ಸ್ವಿಚ್ಚಿಗೆ ಗುರಿ ಹಿಡಿಯತೊಡಗಿದಳು. ಅಷ್ಟು ಹೊತ್ತು ಶ್ಯಾಮಣ್ಣ ಬೀದಿಬಾಗಿಲಲ್ಲೇ ನಿಲ್ಲುತ್ತಿದ್ದ.

"ಖಾಲಿ ಕಣ್ರೀ, ಬನ್ನಿ."

"ಖಾಲಿ ಅಂತ ನಿನಗೆ ಗೊತ್ತು. ಅದಕ್ಕೆ ಗೊತ್ತಾ?"

ಭಾನುವಾರಗಳು ಕ್ವಾರಿಯವಾದವು. ಕೋಟು ಸೆಕೆಯೆಂದು ಮನೆಯಲ್ಲುಳಿಯಿತು. ಕಪ್ಪು ಕನ್ನಡಕದಲ್ಲಿ ಗುರಿಯೇ ಕಾಣುವುದಿಲ್ಲವೆಂದು ಅದು ಶ್ಯಾಮಣ್ಣನ ಪಾಲಾಯಿತು. ಕಣ್ಣು ಮುಚ್ಚುವುದು ಕಡಿಮೆಯಾಗಿ, ಒಂದು ದಿನ ನಿಂತೇಹೋಯಿತು.

ಸಂಕ್ರಾಂತಿಗೆ ಮುಂಚಿನ ಕೊನೆಯ ಭಾನುವಾರ. ಅವಳು ಐದು ಗುಂಡು ಹೊಡೆದ ಮೇಲೆ ಹನುಮಂತರಾಯಪ್ಪ ಕಾಗದ ತರಿಸಿದರು. ನಡುವಿನ ಕಪ್ಪು ವೃತ್ತಕ್ಕೆ ಒಂದೂ ತಾಗಿರಲಿಲ್ಲ. ಎಲ್ಲವೂ ಮೇಲಿನ ಎಡಮೂಲೆಯಲ್ಲಿ, ಒಂದು ಕೋಡುಬಳೆಯೊಳಗೆ ಹಿಡಿಸುವ ಹಾಗೆ ಗುಂಪಾಗಿದ್ದವು. ಮುಗಿಯಿತು, ಇನ್ನು ರೈಫಲ್ಲು ಅಂಗಡಿಗೇ ಎಂದುಕೊಂಡು ಅವಳು ಗವಸಿಗೆ ಕೈಹಾಕಿದಳು.

"ಎಲ್ಲಿಗೆ ಹೊರಟ್ರಿ?" ಹನುಮಂತರಾಯಪ್ಪ ಕಾಗದವನ್ನು ಬೆಳಕಿಗೆ ಹಿಡಿದರು. "ಎಲ್ಲಾ ಒಂದೇ ಕಡೆ ಬಿದ್ದಿವೆ. ತಪ್ಪು ಸೈಟಿಂದು ಕಣಮ್ಮ, ನಿಮ್ಮದಲ್ಲ. ನಿಮ್ಮಪ್ಪ ತಮ್ಮ ಕಣ್ಣಿಗೆ ತಕ್ಕಂಗೆ ಕೂರಿಸ್ಕೊಂಡಿದ್ದಾರೆ. ನಿಮ್ಮ ಕಣ್ಣಿಗೆ ತಿರುಗಿಸ್ಕೋಬೇಕು. ಸಣ್ಣ ಸ್ಕ್ರೂಡ್ರೈವರ್ ಇದೆಯಾ?"

ಕ್ಲಬ್ಬಿನದು ಹೆಬ್ಬೆರಳು ಗಾತ್ರದ್ದು, ಸ್ಕ್ರೂಗೆ ಕೂರಲಿಲ್ಲ. ಇಷ್ಟೆಲ್ಲ ಕೊಂಡವಳು ಅದೊಂದನ್ನು ಕೊಂಡಿರಲಿಲ್ಲ. ಆಗ ಶ್ಯಾಮಣ್ಣ ಚೀಲದ ತಳದಿಂದ ಅವಳ ಹೊಲಿಗೆ ಡಬ್ಬಿ ತೆಗೆದ. ಕೋಟಿನ ಗುಂಡಿ ಕಿತ್ತುಬಂದರೆ ಇರಲೆಂದು ಮೊದಲ ದಿನ ಹಾಕಿದ್ದು, ಅಲ್ಲೇ ಉಳಿದಿತ್ತು. ದಾರದುಂಡೆಗಳ ನಡುವೆ ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂಡ್ರೈವರ್ ಮಲಗಿತ್ತು. ಅಷ್ಟೂ ಗವಸುಗಳನ್ನು ಹೊಲಿಯುವಾಗ ಸೂಜಿ ಬಿಗಿಮಾಡಿದ್ದು ಅದೇ.

ಸ್ಕ್ರೂ ಮೇಲಿಟ್ಟ ಕೈ ನಿಂತಿತು. ಅಪ್ಪ ನಿಂಬೆಹಣ್ಣು ನೋಡುತ್ತಿದ್ದ ಕಣ್ಣು ಇನ್ನೂ ಅಲ್ಲೇ ಇತ್ತು. ತಿರುಗಿಸಿದರೆ ಅದು ಹೋಗುತ್ತದೆ. 'ಸ್ವಲ್ಪ ಸರ್ಕೋ ಅಪ್ಪಾ' ಎಂದುಕೊಂಡು ತಿರುಗಿಸಿದಳು. ಹೊಡೆದ ಗುಂಡು ಕಾಗದವನ್ನೇ ಬಿಟ್ಟು ಹೋಯಿತು.

"ಆ ಕಡೆಗಲ್ಲಮ್ಮ, ಈ ಕಡೆಗೆ!"

ಈ ಕಡೆಗೆ ತಿರುಗಿಸಿದಳು. ಹೊಡೆದು, ಸ್ವಲ್ಪ ಇಳಿಸಿ, ಮತ್ತೆ ಹೊಡೆದಳು. ಹನುಮಂತರಾಯಪ್ಪ ದುರ್ಬೀನಿನಲ್ಲಿ ನೋಡಿದರು. ಜೇಬಿನಿಂದ ಪೆನ್ನು ತೆಗೆದರು.

"ಏನಂತ ಬರೀಲಿ? ಶ್ಯಾಮಣ್ಣನೋರ ಹೆಂಡತಿ ಅಂತಲಾ?"

"ವಸಂತಮ್ಮ ಅಂತ ಬರೀರಿ" ಎಂದ ಕಪ್ಪು ಕನ್ನಡಕದ ಶ್ಯಾಮಣ್ಣ, ಅವಳಿಗಿಂತ ಮೊದಲು.

ಕ್ವಾರಿಯ ಕೆಂಪು ಧೂಳು ಮೆತ್ತಿದ ಮಖಮಲ್ಲನ್ನು ಕೊಡವುತ್ತ ಅವಳು ಹೇಳಿದಳು: "ನಾಳೆ ಕುಕ್ಕರ್ ಇಳಿಸ್ಕೊಡಿ. ಉಪಯೋಗಿಸೋಣ."

ಬಸ್ಸು ನಾಗಸಂದ್ರ ಮುಟ್ಟುವಷ್ಟರಲ್ಲಿ ಅವಳ ಮನಸ್ಸು ಕುಕ್ಕರಿನ ಸುತ್ತಳತೆ ಎಷ್ಟಿರಬಹುದೆಂದು ಲೆಕ್ಕ ಹಾಕುತ್ತಿತ್ತು. ಗೊತ್ತಾಗಿ, ನಾಲಿಗೆ ಕಚ್ಚಿಕೊಂಡಳು.