ಹೆಬ್ಬೆಟ್ಟಿನ ಮೇಲಿದ್ದ ಸಾಲು

ನಿಮ್ಮ ಊರಿನ ಬಾವಿಗೆ ಕಟ್ಟೆ ಇದೆಯೇ? ಸುಮ್ಮನೆ ತಲೆಯಾಡಿಸಬೇಡಿ, ಹೋಗಿ ನೋಡಿಕೊಂಡು ಬನ್ನಿ. ಇದು ಅಂಥದೇ ಒಂದು ಬಾವಿಯ ಕಥೆ. ರಾಣೇಬೆನ್ನೂರು ತಾಲೂಕಿನಲ್ಲಿ, ಹಲಗೇರಿಯಿಂದ ಎರಡು ಹರದಾರಿ ಒಳಗಿರುವ ಊರು. ಹೆಸರು ಬೇಡ. ಹೆಸರು ಹೇಳಿದರೆ, ಅದು ಆ ಊರಿನವರ ಹಣೆಬರಹ ಎಂದು ನೀವು ಮಗ್ಗುಲು ಬದಲಿಸಿ ಮಲಗುತ್ತೀರಿ.

ಆ ಊರಿನ ಕೆಳಗಿನ ಓಣಿಗೆ ಒಂದೇ ಬಾವಿ. ಬೋರಿಂಗ್ ಇತ್ತು, ಕೆಟ್ಟು ಎರಡು ವರ್ಷವಾಗಿತ್ತು. ಬಾವಿಯ ಕಟ್ಟೆ ಒಂದು ಮಳೆಗಾಲದಲ್ಲಿ ಅರ್ಧ ಕುಸಿದು ಒಳಗೇ ಬಿದ್ದಿತ್ತು. ಉಳಿದ ಅರ್ಧದ ಕಡೆ ನಿಂತು ಸೇದಲು ಹೆಂಗಸರು ಪಾಳಿ ಹಚ್ಚುತ್ತಿದ್ದರು. ಅವಸರವಿದ್ದವರು ಕುಸಿದ ಕಡೆ ನಿಲ್ಲುತ್ತಿದ್ದರು. "ಯಾರರೆ ಬಂದು ಕಟ್ಟತಾರ ಬಿಡು" ಎನ್ನುತ್ತಿದ್ದರು. ಆ 'ಯಾರರೆ' ಎಂಬಾತ ಎಂದೂ ಬರಲಿಲ್ಲ.

ಗುಲಾಬಬಿ ಆ ಓಣಿಯವಳು. ಗಂಡ ಇಸ್ಮಾಯಿಲಸಾಬ ಊರೂರು ತಿರುಗಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ. ಮೆಣಸಿನಕಾಯಿ ಸುಗ್ಗಿಯಲ್ಲಿ ಅವಳು ಓಣಿಯ ಹೆಂಗಸರ ಜೊತೆ ಟೆಂಪೋ ಹತ್ತಿ ಬ್ಯಾಡಗಿಗೆ ಹೋಗುತ್ತಿದ್ದಳು, ಕಾಯಿಯ ತೊಟ್ಟು ಬಿಡಿಸುವ ಕೂಲಿಗೆ. ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಬಿಸ್ಮಿಲ್ಲಾ, ಹನ್ನೆರಡು ವರ್ಷದವಳು. ಕಿರಿಯಳು ರಮಿಜಾ, ಎಂಟು ವರ್ಷದವಳು.

ತೊಂಬತ್ತೈದನೆಯ ಇಸವಿಯ ಏಪ್ರಿಲ್. ನೀರು ತಳ ಹಿಡಿದಿತ್ತು, ಬಗ್ಗಿ ಸೇದಬೇಕು. ಅವ್ವ ದಣಿದು ಬರುತ್ತಾಳೆ, ಅಷ್ಟರಲ್ಲಿ ಎರಡು ಕೊಡ ತಂದಿಡೋಣ ಎಂದು ಬಿಸ್ಮಿಲ್ಲಾ ಬಾವಿಗೆ ಹೋದಳು. ಪಾಳಿ ದೊಡ್ಡದಿತ್ತು. ಕುಸಿದ ಕಡೆಗೆ ಹೋಗಿ ನಿಂತಳು.

ಸಂಜೆ ಟೆಂಪೋ ಇಳಿದಾಗ ಓಣಿಯ ತುಂಬ ಜನ. ಯಾರೂ ಗುಲಾಬಬಿಯ ಮುಖ ನೋಡಲಿಲ್ಲ, ಎಲ್ಲರೂ ದಾರಿ ಬಿಟ್ಟರು. ಪಂಚಾಯ್ತಿ ಸಿಪಾಯಿ ಡಾಕಪ್ಪ ಮೈಯೆಲ್ಲ ತೊಯ್ದು ಕಟ್ಟೆಯ ಮೇಲೆ ಕೂತು ಅಳುತ್ತಿದ್ದ. ಹಗ್ಗ ಕಟ್ಟಿಕೊಂಡು ಇಳಿದು ಹುಡುಗಿಯನ್ನು ಮೇಲೆ ತಂದವನು ಅವನೇ. ಗುಲಾಬಬಿಯ ಕೈ ದಿನವಿಡೀ ಮೆಣಸಿನಕಾಯಿ ಮುಟ್ಟಿದ ಕೈ. ಆ ಕೈಯಿಂದ ಯಾರೂ ಕಣ್ಣು ಮುಟ್ಟಿಕೊಳ್ಳುವುದಿಲ್ಲ. ಅವಳು ಮುಟ್ಟಿಕೊಂಡಳು. ಉರಿ ಅವಳಿಗೆ ತಿಳಿಯಲೂ ಇಲ್ಲ.

ಪಂಚಾಯ್ತಿಯವರು ಬಂದು "ಭಾಳ ಕೆಟ್ಟದ್ದಾತವ್ವ" ಎಂದು ಹೋದರು. ನಲವತ್ತು ದಿನ ಕಳೆಯಿತು. ನೀರು ಮಾತ್ರ ಬೇಕಲ್ಲ, ಅದೇ ಬಾವಿಗೆ ಹೋಗಬೇಕು. ಗುಲಾಬಬಿ ಹೋದಳು. ಅವಳ ಸೆರಗು ಹಿಡಿದು ರಮಿಜಾ ಹಿಂದೆ ಹಿಂದೆ ಹೋದಳು, ಸಣ್ಣ ಕೊಡ ಹೊತ್ತು. ಅವ್ವ ಎಷ್ಟು ಬೈದರೂ ಕೇಳಲಿಲ್ಲ. ಮನೆಯಲ್ಲಿ ಒಬ್ಬಳೇ ಇರಲು ಅವಳಿಗೆ ಹೆದರಿಕೆ.

ಅಂಗನವಾಡಿ ನಡೆಸುವ ಮೈಲವ್ವ ಅದೇ ಓಣಿಯವಳು. ಓಣಿಯವರೆಲ್ಲ ಅವಳನ್ನು ಅಕ್ಕೋರು ಎನ್ನುತ್ತಿದ್ದರು. ಒಂದು ದಿನ ಅವಳು ಗುಲಾಬಬಿಯ ಮನೆಗೆ ಬಂದು ಕೂತಳು.

"ಗುಲಾಬಕ್ಕ, ಮಳಿಗಾಲ ಬಂತು. ಆ ಬಾವಿ ದಂಡಿ ಇನ್ನಷ್ಟು ಜಾರತೈತಿ. ಪಂಚಾಯ್ತಿಗೆ ಹೋಗಿ ಕಟ್ಟಿ ಕಟ್ಟಸ್ರಿ ಅಂತ ಕೇಳೂಣು ನಡಿ."

ಗುಲಾಬಬಿ ಬಾಯಿ ತೆರೆಯುವ ಮೊದಲೇ ಇಸ್ಮಾಯಿಲಸಾಬ ಒಳಗಿನಿಂದ ಹೇಳಿದ: "ಬ್ಯಾಡ್ರಿ ಅಕ್ಕೋರ. ಮಗಳು ಹೋದ್ಲು. ಇನ್ನ ಮರ್ಯಾದಿನೂ ಕಳಕೊಂಡು ಬರೂದೇನು? ಓಣ್ಯಾಗ ನಮ್ಮವು ನಾಕ ಮನಿ. ಗಾದಿ ಹೊಲಿಯಾವನ ಮಾತು ಯಾರು ಕೇಳ್ತಾರ?"

"ನೀವು ಹೋದ ಚುನಾವಣ್ಯಾಗ ಓಟು ಹಾಕೀರಿಲ್ಲೋ ಅಣ್ಣಾ?"

"ಹಾಕೇನಿ."

"ಆವಾಗ ಮನಿ ಬಾಗಲಕ್ಕ ಬಂದು ಕೈ ಮುಗದ್ರಲ್ಲ, ನೀವು ಗಾದಿ ಹೊಲಿಯಾವ ಅಂತ ಬಿಟ್ಟು ಹೋದ್ರೇನು?"

ಕೂಸು ಅತ್ತರೇ ತಾಯಿ ಮೊಲೆ ಕೊಡುತ್ತಾಳೆ, ಬಾಯಿ ಮುಚ್ಚಿ ಕೂತರೆ ಸರಕಾರ ತಾನಾಗಿ ಬಂದೀತೇ ಎಂದು ಮೈಲವ್ವ ಗುಲಾಬಬಿಯನ್ನು ಎಬ್ಬಿಸಿಕೊಂಡು ಹೊರಟಳು.

ಪಂಚಾಯ್ತಿ ಸೆಕ್ರೆಟರಿ ಕೆಟ್ಟವನಲ್ಲ. ಕೂಡ್ರಲು ಹೇಳಿದ, ನೀರು ಕೊಡಿಸಿದ. ಆಮೇಲೆ ಹೇಳಿದ: "ನೋಡ್ರಿ ಅಕ್ಕೋರ, ಯಾವ ಓಣಿಗೆ ಏನು ಬೇಕು ಅನ್ನೂದು ಗ್ರಾಮ ಸಭೆಯಾಗ ಜನಾನ ಹೇಳಬೇಕು. ಜನವರ್ಯಾಗ ಸಭಾ ಆತು. ನಿಮ್ಮ ಓಣ್ಯಾವ್ರು ಯಾರೂ ಏನೂ ಕೇಳಿಲ್ಲ."

"ಜನವರ್ಯಾಗ ಸಭಾ ಯಾವಾಗ ಆತ್ರಿ? ಡಂಗರಾ ಸಾರಿದ್ದು ನಾವಂತೂ ಕೇಳಿಲ್ಲ," ಎಂದಳು ಮೈಲವ್ವ.

ಸೆಕ್ರೆಟರಿ ಕಪಾಟಿನಿಂದ ಠರಾವು ಬುಕ್ಕು ತೆಗೆದು ಮುಂದಿಟ್ಟ. ಮೈಲವ್ವ ಗಟ್ಟಿಯಾಗಿ ಓದಿದಳು: "ಗ್ರಾಮಸ್ಥರೊಂದಿಗೆ ಸವಿಸ್ತಾರವಾಗಿ ಚರ್ಚಿಸಲಾಯಿತು. ಕೆಳಗಿನ ಓಣಿಯ ನಾಗರಿಕರಿಂದ ಯಾವುದೇ ಬೇಡಿಕೆ ಬಂದಿರುವುದಿಲ್ಲ." ಆ ಸಾಲಿನ ಕೆಳಗೆ ಹಾಜರಿದ್ದವರ ಗುರುತುಗಳು. ಮೈಲವ್ವ ಬೆರಳಿಟ್ಟು ಇಳಿಯುತ್ತಾ ಹೋದಳು, ಒಂದು ಕಡೆ ನಿಂತಳು.

"ಏನೈತ್ರಿ ಅಲ್ಲಿ?" ಗುಲಾಬಬಿ ಕೇಳಿದಳು.

"ಗುಲಾಬಬಿ ಕೋಂ ಇಸ್ಮಾಯಿಲಸಾಬ. ಹೆಬ್ಬೆಟ್ಟು."

ಗುಲಾಬಬಿಗೆ ನೆನಪಾಯಿತು. ಜನವರಿಯಲ್ಲಿ ಒಂದು ಮುಂಜಾನೆ ಡಾಕಪ್ಪ ಬುಕ್ಕು ಹಿಡಿದು ಮನೆಮನೆಗೆ ಬಂದಿದ್ದ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಲಗೂ ಒಂದು ಹೆಬ್ಬಟ್ಟು ಒತ್ತವ್ವ, ಇನ್ನ ಅರವತ್ತು ಮನಿ ತಿರಗಬೇಕು" ಎಂದಿದ್ದ. ರೇಶನ್ನಿನದು ಇರಬೇಕು ಎಂದುಕೊಂಡು, ಹಿಟ್ಟಿನ ಕೈ ಒರೆಸಿಕೊಂಡು ಒತ್ತಿದ್ದಳು. ಹೊರಗೆ ಕೂತಿದ್ದ ಗಂಡನೂ ಒತ್ತಿದ್ದ. ಎಲ್ಲ ಮನೆಯಲ್ಲೂ ಹಾಗೇ. ಆ ಊರಿನಲ್ಲಿ ಗ್ರಾಮ ಸಭೆ ಎಂದರೆ ಅಷ್ಟೇ: ಜನ ಸಭೆಗೆ ಹೋಗುತ್ತಿರಲಿಲ್ಲ, ಸಭೆಯೇ ಬುಕ್ಕಾಗಿ ಮನೆಗೆ ಬರುತ್ತಿತ್ತು.

"ಅಂದ್ರ ಬಾವಿ ಕಟ್ಟಿ ಬ್ಯಾಡಂತ ನಾನ ಬರಕೊಟ್ಟೇನಿ," ಎಂದಳು ಗುಲಾಬಬಿ. "ನನ್ನ ಕೂಸಿನ ಕುತಗಿ ಮ್ಯಾಲ ನಾನ ಹೆಬ್ಬಟ್ಟು ಒತ್ತೇನಿ, ಯಾ ಅಲ್ಲಾ!"

"ನೀ ಬರದಿಲ್ಲ. ನಿನ್ನ ಹೆಸರ ಮ್ಯಾಲ ಮಂದಿ ಬರದಾರ," ಎಂದಳು ಮೈಲವ್ವ. "ನಿನಗರೆ ಓದಾಕ ಬರಂಗಿಲ್ಲ. ಇಲ್ಲಿ ನೋಡು, ನಿನ್ನ ಕೆಳಗ ನನ್ನ ಸಹಿ ಐತಿ. ಓದಾಕ ಬಂದೂ ನಾ ಖಾಲಿ ಹಾಳಿಗೆ ಸಹಿ ಮಾಡೇನಿ."

ಇಬ್ಬರೂ ಆ ಕಚೇರಿಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅತ್ತರು. ಕೇಳದಿದ್ದರೂ ಕಟ್ಟೆ ಕಟ್ಟಿಸಬೇಕಿತ್ತು, ಅದು ಪಂಚಾಯ್ತಿಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಳುವ ತಾಯಿಗೆ ಅದನ್ನು ಹೇಳಿ ಏನು ಪ್ರಯೋಜನ?

ಮನೆಗೆ ಬಂದು ಗುಲಾಬಬಿ ಗಂಡನಿಗೆ ಎಲ್ಲ ಹೇಳಿದಳು. ಅವನ ಹೆಬ್ಬೆಟ್ಟೂ ಅಲ್ಲಿತ್ತು ಎಂದಳು. ಇಸ್ಮಾಯಿಲಸಾಬ ತನ್ನ ಬೆರಳನ್ನೇ ನೋಡುತ್ತಾ ಕೂತ. ಅವತ್ತು ಊಟ ಮಾಡಲಿಲ್ಲ.

ಜುಲೈ ಬಂತು. ಜಿಟಿಜಿಟಿ ಮಳೆ, ಬಾವಿ ದಂಡೆಯಲ್ಲಿ ಪಾಚಿ. ಒಂದು ಮುಂಜಾನೆ ಡಾಕಪ್ಪ ಮತ್ತೆ ಬಂದ. ಕಂಕುಳಲ್ಲಿ ಬುಕ್ಕು, ಕೈಯಲ್ಲಿ ಮಸಿ ಡಬ್ಬಿ. ಗುಲಾಬಬಿಯನ್ನು ಕಂಡು ಅವನ ಮುಖ ಸಣ್ಣದಾಯಿತು.

"ಒಂದು ಹೆಬ್ಬಟ್ಟವ್ವ."

"ಎದಕ್ಕ?"

"ಗ್ರಾಮ ಸಭಾದ್ದು."

"ಮ್ಯಾಲೆ ಏನ ಬರದೈತಿ, ಓದು."

"ಇನ್ನೂ ಏನೂ ಬರದಿಲ್ಲವ್ವ, ಖಾಲಿ ಐತಿ. ಆಮ್ಯಾಲ ಬರೀತಾರ."

"ಹೋದ ಸಲಾನೂ ಆಮ್ಯಾಲ ಬರದ್ರು ಡಾಕಪ್ಪಣ್ಣ. ಏನ ಬರದ್ರು ಗೊತ್ತೈತೇನು? ಈ ಓಣ್ಯಾವ್ರಿಗೆ ಏನೂ ಬ್ಯಾಡಂತ. ಮೂರ ತಿಂಗಳಿಗೆ ನನ್ನ ಮಗಳು ಬಾವ್ಯಾಗಿದ್ಲು."

ಡಾಕಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. "ಆಕಿನ್ನ ಮ್ಯಾಲ ತಂದಾವ ನಾನವ್ವ. ಆ ಭಾರ ಇನ್ನೂ ನನ್ನ ಕೈಯಾಗ ಐತಿ. ಈ ಬುಕ್ಕಿನಾಗ ಏನ ಬರೀತಾರ ನನಗೇನು ಗೊತ್ತು? ತಿರಗು ಅಂದ್ರು, ತಿರಗಿದೆ." ಆಮೇಲೆ ಅವನು ಬುಕ್ಕು ಮುಚ್ಚಿದ.

"ಹೋಗಿ ಹೇಳು," ಎಂದಳು ಗುಲಾಬಬಿ, "ಸಭಾ ಕರೀರಿ ಅಂತ. ನಾವ ಬರ್ತೇವಿ. ನಮ್ಮ ಮುಂದ ಬರೀಲಿ, ಓದಿ ಹೇಳಲಿ. ಆಮ್ಯಾಲ ಹತ್ತು ಬೆರಳೂ ಒತ್ತತೇನಿ."

ಪಕ್ಕದ ಮನೆಯ ಗುಡ್ಡವ್ವ ಕೇಳಿಸಿಕೊಂಡಳು. "ನಂದೂ ಇಲ್ಲ ಡಾಕಪ್ಪ, ಮುಂದ ನಡಿ" ಎಂದಳು. ಆಚೆ ಮನೆಯವಳೂ ಇಲ್ಲ ಎಂದಳು. ಆ ದಿನ ಇಡೀ ಓಣಿಯಲ್ಲಿ ಬುಕ್ಕಿಗೆ ಒಂದು ಗುರುತೂ ಬೀಳಲಿಲ್ಲ. ಉಳಿದ ಓಣಿಗಳಿಗೆ ಸುದ್ದಿ ಮುಟ್ಟಿಸಿದವನು ಯಾರು ಗೊತ್ತೇ? ಇಸ್ಮಾಯಿಲಸಾಬ. ಗಾದಿ ಹೊಲಿಯಲು ಹೋದ ಮನೆಯಲ್ಲೆಲ್ಲ ಅರಳೆ ಹಿಂಜುತ್ತಾ ಮಗಳ ಕಥೆ ಹೇಳಿದ. "ಖಾಲಿ ಹಾಳಿಗೆ ಒತ್ತಬ್ಯಾಡ್ರಿ, ನಾ ಒತ್ತಿ ಕೆಟ್ಟೆ" ಎಂದ. ಗಂಡಸು ಅಳುತ್ತಾ ಹೇಳಿದ ಮಾತು, ಜನ ಮರೆಯಲಿಲ್ಲ.

ವಾರದೊಳಗೆ ಡಂಗುರ ಬಿತ್ತು. ಶಾಲೆಯ ಅಂಗಳದಲ್ಲಿ ಸಭೆ. ಆ ಊರಿನಲ್ಲಿ ಅಷ್ಟು ಹೆಂಗಸರು ಒಂದೆಡೆ ಸೇರಿದ್ದು ಮದುವೆಯಲ್ಲೂ ಇಲ್ಲ. ಅಧ್ಯಕ್ಷರು ಬೀದಿ ದೀಪ, ಗಟಾರ ಎಂದು ಶುರು ಮಾಡಿದರು. ಮೈಲವ್ವ ಗುಲಾಬಬಿಯ ಬೆನ್ನು ಮುಟ್ಟಿದಳು. ಅವಳು ಎದ್ದಳು.

"ನನ್ನ ಮಗಳ ಹೆಸರು ಬಿಸ್ಮಿಲ್ಲಾ," ಎಂದಳು. ಯಾರೂ ನಗಲಿಲ್ಲ, ಯಾರೂ ಕೂತಗೋ ಎನ್ನಲಿಲ್ಲ. ಅವಳು ಮುಂದುವರಿಸಿದಳು: "ಆಕಿ ಇನ್ನ ಬರಂಗಿಲ್ಲ, ನನಗ ಗೊತ್ತೈತಿ. ಆದ್ರ ರಮಿಜಾ ಅದಾಳ, ಗುಡ್ಡವ್ವನ ಮಕ್ಕಳದಾರ, ನಿಮ್ಮವೂ ಅದಾವು. ಬಾವಿಗೆ ಕಟ್ಟಿ ಬೇಕು. ಬೋರಿಂಗ್ ರಿಪೇರಿ ಆಗಬೇಕು. ಬರೀರಿ. ಬರದದ್ದು ಓದ್ರಿ."

ಸೆಕ್ರೆಟರಿ ಬರೆದ. ಓದಿದ. ಮೈಲವ್ವ ಬುಕ್ಕು ಇಸಿದುಕೊಂಡು ಇನ್ನೊಮ್ಮೆ ಓದಿ, "ಸರಿ ಐತಿ" ಎಂದಳು. ಗುಲಾಬಬಿ ಒತ್ತಿದಳು. ಅವಳ ಹಿಂದೆ ಇಡೀ ಅಂಗಳ ಸಾಲು ನಿಂತಿತು.

ಅಷ್ಟಕ್ಕೇ ಕೆಲಸ ಆಯಿತೇ? ಇಲ್ಲ. ಮೈಲವ್ವ ಠರಾವಿನ ನಕಲು ಪಡೆದಳು. ಗುಲಾಬಬಿ, ಗುಡ್ಡವ್ವ, ಇಸ್ಮಾಯಿಲಸಾಬ ಅವಳ ಜೊತೆ ಎರಡು ಸಲ ರಾಣೇಬೆನ್ನೂರಿಗೆ ಹೋಗಿ ತಾಲೂಕು ಪಂಚಾಯ್ತಿಯ ಬಾಗಿಲಲ್ಲಿ ಕೂತರು. ಒಂದು ಸಲ ಸಾಹೇಬರು ಸಿಗಲಿಲ್ಲ. ಇನ್ನೊಂದು ಸಲ ಸಿಕ್ಕರು.

ಸೆಪ್ಟೆಂಬರಿನಲ್ಲಿ ಗೌಂಡಿಗಳು ಬಂದರು. ಇಬ್ಬರು ಗೌಂಡಿ, ಮೂವರು ಆಳು. ಸೋಮವಾರ ಕಲ್ಲು ಇಳಿಸಿದರು, ಗುರುವಾರ ಸಿಮೆಂಟು ಬಳಿದು ಗಿಲಾಯಿ ಮಾಡಿ ಹತಾರ ತೊಳೆದುಕೊಂಡರು. ಎದೆಮಟ್ಟದ ಗಟ್ಟಿ ಕಟ್ಟೆ. ಓಣಿಯವರೆಲ್ಲ ಸಂತೋಷಪಟ್ಟರು. ಗುಲಾಬಬಿ ಮಾತ್ರ ಹಸಿ ಗಿಲಾಯಿಯನ್ನು ನೋಡುತ್ತಾ ನಿಂತೇ ಇದ್ದಳು.

"ಮುಗೀತೇನ್ರಿ?" ಎಂದು ಗೌಂಡಿಯನ್ನು ಕೇಳಿದಳು.

"ಮುಗೀತವ್ವ."

"ನಾಕ ದಿನದ ಕೆಲಸ ಅಷ್ಟ?"

"ಇದರಾಗೇನೈತವ್ವ, ನಾಕ ದಿನ ಭಾಳ ಆತು."

ಅವಳು ಅಲ್ಲೇ ಕಟ್ಟೆಯ ಬುಡದಲ್ಲಿ ಕೂತು, ಎದೆ ಬಡಿದುಕೊಂಡು ಅತ್ತಳು. "ನಾಕ ದಿನ ಅಂತ ಬಿಸ್ಮಿಲ್ಲಾ, ಬರೇ ನಾಕ ದಿನ ಅಂತ" ಎನ್ನುತ್ತಿದ್ದಳು. ಇಸ್ಮಾಯಿಲಸಾಬ ಬಂದು ಎಬ್ಬಿಸಿಕೊಂಡು ಹೋದ.

ಓದಿದ ತಾಯಂದಿರೇ, ಕೇಳಿದ ಅಣ್ಣಂದಿರೇ, ಕಣ್ಣೊರೆಸಿಕೊಂಡು ಈ ಹಾಳೆ ಮಡಚಿಡಬೇಡಿ. ಆರು ತಿಂಗಳಿಗೊಮ್ಮೆ ನಿಮ್ಮ ಊರಿನಲ್ಲಿ ಗ್ರಾಮ ಸಭೆ ಆಗಬೇಕು, ಅದು ಕಾನೂನು. ಈ ಸಲದ್ದು ಯಾವಾಗ ಎಂದು ಪಂಚಾಯ್ತಿಗೆ ಹೋಗಿ ಕೇಳಿ. ನಾವು ನಾಲ್ಕು ಮನೆಯವರು, ನಾವು ಓದದವರು ಎಂದು ಹಿಂಜರಿಯಬೇಡಿ, ಅಕ್ಕಪಕ್ಕದವರನ್ನು ಕರೆದುಕೊಂಡು ಹೋಗಿ. ನಿಮ್ಮ ಓಣಿಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿ, ಬರೆಸಿ, ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಗುರುತು ಹಾಕಿ. ನಕಲು ಇಟ್ಟುಕೊಂಡು ಕೆಲಸ ಆಗುವತನಕ ಬೆನ್ನು ಬಿಡಬೇಡಿ. ಮುಂದಿನ ವಾರ ನೋಡೋಣ ಎನ್ನಬೇಡಿ. ನೀವು ಇದನ್ನು ಓದುತ್ತಿರುವಾಗಲೇ ಯಾರದೋ ಮನೆಯ ಕೂಸು ಖಾಲಿ ಕೊಡ ಎತ್ತಿಕೊಂಡು ಹೊರಟಿದೆ.