ಆರು ಗಂಟೆಯ ಹಾಡು

ಮುನಿಶಾಮಮ್ಮ ಮೂರನೇ ಸಲ ಕೆಚ್ಚಲು ತೊಳೆದು ಕೂತಳು. ಆಂಜಿನಮ್ಮನ ಹಸು ಕರೆಯಲು ಬಂದ ಪಕ್ಕದ ಮನೆಯವಳು, ಕೈ ಪಳಗಿದವಳು. ಆದರೂ ಹಸು ಹಾಲು ಬಿಡಲಿಲ್ಲ. ಕತ್ತೆತ್ತಿ ಡೇರಿಯ ಕಡೆ ನೋಡಿ ಕೂಗಿತು. ಬೀದಿಯ ಎಲ್ಲ ಕೊಟ್ಟಿಗೆಗಳಿಂದಲೂ ಅದೇ ಕೂಗು ಕೇಳುತ್ತಿತ್ತು.

ಕೂಗದೆ ಇನ್ನೇನು ಮಾಡಿಯಾವು? ಕ್ಯಾಲನೂರಿನ ಪಕ್ಕದ ಈ ಊರಿನಲ್ಲಿ ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಡೇರಿಯ ಮೈಕಿನಲ್ಲಿ ಒಂದೇ ಹಳೇ ಸಿನಿಮಾ ಹಾಡು. ಹಾಡು ಬಂತೆಂದರೆ ಹಾಲು ಕರೆಯುವ ಹೊತ್ತು. ಹಾಕುತ್ತಿದ್ದವನು ಡೇರಿಯಲ್ಲಿ ಹಾಲು ಅಳೆಯುವ ಚನ್ನರಾಯಪ್ಪ. ನಿನಗೆ ಬೇರೆ ಹಾಡೇ ಸಿಗಲಿಲ್ಲವೇನಪ್ಪಾ ಎಂದು ಬೈಯದವರಿಲ್ಲ. ಬೈದವರೇ ಕ್ಯಾನು ಹಿಡಿದು ಅದನ್ನೇ ಗುನುಗುತ್ತ ಬರುತ್ತಿದ್ದರು. ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್‌ಡ್ರೈವ್ ಬಂತು, ಹಾಡು ಮಾತ್ರ ಹೋಗಲಿಲ್ಲ. ಈಗ ಅವನೇ ಹೋಗಿ ಅಂಗಳದ ಚಾಪೆಯ ಮೇಲೆ ಮಲಗಿದ್ದ.

ಅವನ ಜೊತೆ ಕೆಲಸ ಮಾಡುತ್ತಿದ್ದ ನರೇಶ್ ಇವತ್ತು ಹಾಡು ಹಾಕಿರಲಿಲ್ಲ. ಎದುರಿಗೇ ಸಾವಿನ ಮನೆ, ಮನಸ್ಸಾದರೂ ಹೇಗೆ ಬಂದೀತು? ಅದೂ ಅಲ್ಲದೆ ಚನ್ನರಾಯಪ್ಪನ ಹೆಂಡತಿ ಆಂಜಿನಮ್ಮನಿಗೆ ಆ ಹಾಡು ಕಂಡರಾಗದು ಎಂದು ಊರಿಗೆಲ್ಲ ಗೊತ್ತಿತ್ತು. ಡೇರಿ ಕಡೆಯ ಕಿಟಕಿಗೆ ಹಳೇ ಸೀರೆ ತುರುಕಿ ಮುಚ್ಚಿದವಳು ಅವಳು.

*

ಆ ಹಾಡಿಗೆ ಶ್ರೀವಾಣಿ ಏಳನೇ ಕ್ಲಾಸಿನಲ್ಲಿ ಸ್ಕೂಲ್ ಡೇಗೆ ಕುಣಿದಿದ್ದಳು. ಇದ್ದೊಬ್ಬ ಮಗಳು. ಹೆಜ್ಜೆ ಹೇಳಿಕೊಟ್ಟವಳು ಆಂಜಿನಮ್ಮನೇ, ಇದೇ ಅಂಗಳದಲ್ಲಿ ಕೂತು, ಕಾಲ ಹೆಬ್ಬೆರಳಲ್ಲಿ ತಾಳ ಹಾಕುತ್ತ. ಎರಡು ತಿಂಗಳಿಗೆಲ್ಲ ಜ್ವರ ಬಂದು ಮಗು ಹೋಯಿತು. ಹದಿನೈದನೇ ದಿನದಿಂದ ಡೇರಿಯ ಮೈಕಿನಲ್ಲಿ ಬೆಳಿಗ್ಗೆ, ಸಂಜೆ ಅದೇ ಹಾಡು ಶುರುವಾಯಿತು. ಆಂಜಿನಮ್ಮ ಓಡಿಹೋಗಿ ಗಂಡನ ಕೊರಳಪಟ್ಟಿ ಹಿಡಿದಳು.

“ದಿನಕ್ಕೆ ಎರಡು ಸಲ ನನ್ನ ಮಗೂನ ಸಾಯಿಸ್ತೀಯಲ್ಲ!”

“ಇಲ್ಲ ಕಣೇ,” ಎಂದ ಅವನು. “ಎರಡು ಸಲ ಬಂದು ಹೋಗ್ತಾಳೆ.”

ಅವತ್ತಿನಿಂದ ಆ ಮನೆಯಲ್ಲಿ ಮಗಳ ಮಾತು ಬರಲಿಲ್ಲ.

*

ಆರೂವರೆಯಾಯಿತು. ಆಂಜಿನಮ್ಮ ಗಂಡನ ಕಾಲ ಬಳಿ ಕೂತಿದ್ದಳು. ಅಷ್ಟು ವರ್ಷ ನಿಲ್ಲಲಿ ನಿಲ್ಲಲಿ ಎಂದು ಶಪಿಸಿದ ಹಾಡು ಇವತ್ತು ನಿಂತಿತ್ತು. ನಿಂತ ಮೇಲೆ ಅವಳಿಗೆ ಹೆದರಿಕೆಯಾಯಿತು. ಮಧ್ಯಾಹ್ನ ಇವನನ್ನು ಎತ್ತುವಾಗ ಮಗಳನ್ನೂ ಎತ್ತಿಕೊಂಡು ಹೋಗಿಬಿಡುತ್ತಾರೆ, ಆಮೇಲೆ ಈ ಬೀದಿಗೆ ಅವಳು ಬರುವುದೇ ಇಲ್ಲ ಅನ್ನಿಸಿತು.

“ನರೇಶಾ, ಹಾಡು ಹಾಕಪ್ಪ.”

ಅಂಗಳದ ಬಾಗಿಲಲ್ಲಿ ನಿಂತಿದ್ದ ನರೇಶ್ ಮುನಿಶಾಮಮ್ಮನ ಮುಖ ನೋಡಿದ. ಮುನಿಶಾಮಮ್ಮ ಕೊಟ್ಟಿಗೆಯಿಂದ ಎದ್ದುಬಂದು, “ಹಸೂಗಾ ಅಕ್ಕಯ್ಯಾ?” ಎಂದಳು.

“ಹೊತ್ತು ಮೀರ್ತಾ ಐತೆ. ಪಾಪ, ಅವಳು ಎಲ್ಲಿ ನಿಂತವಳೋ.”

ನರೇಶ್ ಡೇರಿಯ ಕಡೆ ನಡೆದ. ಆಂಜಿನಮ್ಮ ಒಳಗೆ ಹೋಗಿ ಕಿಟಕಿಯ ಸೀರೆಯನ್ನು ಕಿತ್ತು ಹಾಕಿ ಬಂದು ಮತ್ತೆ ಅಲ್ಲೇ ಕೂತಳು.

ಹಾಡು ಬಂತು. ಅಳುತ್ತಿದ್ದ ಹೆಂಗಸರು ಥಟ್ಟನೆ ಸುಮ್ಮನಾದರು. ಎರಡನೇ ಚರಣದ ಹೊತ್ತಿಗೆ ಅವರ ತುಟಿಗಳು ತಾವಾಗಿ ಅಲುಗತೊಡಗಿದವು. ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೊಟ್ಟಿಗೆಯಲ್ಲಿ ಯಾರೂ ಮುಟ್ಟದೆಯೇ ಹಸುವಿನ ಮೊಲೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು.

ಚನ್ನರಾಯಪ್ಪನ ಎರಡೂ ಕಾಲ ಹೆಬ್ಬೆರಳು ಸೇರಿಸಿ ದಾರ ಕಟ್ಟಿದ್ದರು. ಅವುಗಳ ಪಕ್ಕದಲ್ಲಿ, ಮಣ್ಣಿನ ಮೇಲೆ, ಆಂಜಿನಮ್ಮನ ಹೆಬ್ಬೆರಳು ತಾಳ ಹಾಕುತ್ತಿತ್ತು.